ಪ್ರಚಾರವೋ, ಪ್ರಕಟಣೆಯೋ?

ಬಸವನಗುಡಿಯ ನಮ್ಮ ವಸತಿ ಸಮುಚ್ಚಯದ ಲಿಫ್ಟಿನಲ್ಲಿ ಕಳೆದ ವಾರ ಒಂದು ಚೀಟಿ ಅಂಟಿತ್ತು: ‘ನಾಳೆ ಕಾವೇರಿ ನೀರು ಬರುವುದಿಲ್ಲವೆಂದು ಈ ಮೂಲಕ ಪ್ರಚಾರ ಮಾಡಲಾಗಿದೆ.’ ನೀರೇನು ಚುನಾವಣೆಗೆ ನಿಂತಿದೆಯೇ? ಅಲ್ಲಿ ಬೇಕಿದ್ದದ್ದು ‘ಪ್ರಕಟಣೆ’ ಅಥವಾ ಸರಳವಾಗಿ ‘ಸೂಚನೆ’.

ಪ್ರಚಾರದಲ್ಲಿ ಒಲಿಸಿಕೊಳ್ಳುವ ಉದ್ದೇಶವಿರುತ್ತದೆ. ಮತದಾನ ಮುಗಿಯುವ 48 ಗಂಟೆ ಮೊದಲು ನಿಲ್ಲುವುದು ಬಹಿರಂಗ ಪ್ರಚಾರವೇ ಹೊರತು ಪ್ರಕಟಣೆಯಲ್ಲ. ಪ್ರಕಟಣೆಗೆ ಯಾರನ್ನೂ ಒಲಿಸುವ ಹಂಗಿಲ್ಲ. ತಿಳಿಸಿದರೆ ಅದರ ಕೆಲಸ ಮುಗಿಯಿತು. ಲಸಿಕೆಯ ದಿನಾಂಕ ತಿಳಿಸುವುದು ಪ್ರಕಟಣೆ, ಹಾಕಿಸಿಕೊಳ್ಳಿ ಎಂದು ಮನೆಮನೆಗೆ ಹೋಗುವುದು ಪ್ರಚಾರ. ಅದನ್ನೇ ದುಡ್ಡು ಕೊಟ್ಟು ಪತ್ರಿಕೆಯಲ್ಲಿ ಹಾಕಿಸಿದರೆ ಜಾಹೀರಾತು.

‘ಪ್ರಸಾರ’ ತಲುಪಿಸುವ ಕ್ರಿಯೆಯನ್ನಷ್ಟೇ ಹೇಳುತ್ತದೆ. ಆಕಾಶವಾಣಿ ವಾರ್ತೆಯನ್ನು ಪ್ರಸಾರ ಮಾಡುತ್ತದೆ. ಪ್ರಚಾರ ಮಾಡುತ್ತದೆ ಎಂದರೆ ಆರೋಪವಾಗಿಬಿಡುತ್ತದೆ. ವಿಶ್ವವಿದ್ಯಾಲಯಗಳ ಪುಸ್ತಕ ಪ್ರಕಟಣಾ ವಿಭಾಗಕ್ಕೆ ‘ಪ್ರಸಾರಾಂಗ’ ಎಂಬ ಹೆಸರು ಒಪ್ಪುವುದೂ ಇದರಿಂದಲೇ.

ನನಗೆ ಅತಿ ಇಷ್ಟವಾದ ಪದ ‘ವದಂತಿ’. ಸಂಸ್ಕೃತದಲ್ಲಿ ಅದು ‘ಹೇಳುತ್ತಾರೆ’ ಎಂಬ ಬಹುವಚನದ ಕ್ರಿಯಾಪದ. ಯಾರು ಹೇಳುತ್ತಾರೆ? ಯಾರೋ! ನಮ್ಮ ‘ಅಂತೆ’ ಕೂಡ ಇದೇ ಜಾತಿ: ‘ಬಾಡಿಗೆ ಏರುತ್ತದಂತೆ’ ಎಂದವನು ಮಾತಿನ ಹೊಣೆಯನ್ನು ಆಗಲೇ ಜಾರಿಸಿರುತ್ತಾನೆ. ಅಂತೆ ಕಂತೆಗಳು ಹಬ್ಬುತ್ತವೆ, ಅವನ್ನು ಯಾರೂ ಪ್ರಸಾರ ಮಾಡುವುದಿಲ್ಲ.

‘ಡಂಗುರ ಸಾರು’ ಎಂಬುದನ್ನು ಮಾತ್ರ ಲಿಫ್ಟಿನ ಚೀಟಿಗೆ ಬಳಸಬೇಡಿ. ಈಗ ಅದು ಗುಟ್ಟು ಉಳಿಸಿಕೊಳ್ಳದವರನ್ನು ಬೈಯಲು ಮೀಸಲು.