ಹಳೆಯ ಜಿಯೋಡ್ ಬೋರ್ಡ್‌ಗೆ ಹೊಸ ಕಂಪೈಲರ್ ಬಳಸುವ ಮುನ್ನ ಇದನ್ನು ಓದಿ

ಶಿರಸಿ ಹತ್ತಿರ ನಮ್ಮ ಭಾವನವರ ಅಡಿಕೆ ತೋಟದಲ್ಲಿ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ. ಅದರ ಪ್ರೊಸೆಸರ್ ಎಎಂಡಿ ಜಿಯೋಡ್ ಎಲ್‌ಎಕ್ಸ್ 800, ವೇಗ 500 ಮೆಗಾಹರ್ಟ್ಸ್. ಫ್ಯಾನ್ ಬೇಡ, ಸೋಲಾರ್ ಬ್ಯಾಟರಿಯಲ್ಲೇ ನಡೆಯುತ್ತದೆ. ಹತ್ತು ವರ್ಷಕ್ಕೂ ಮೇಲಿನಿಂದ ಮಳೆಮಾಪಕದ ಲೆಕ್ಕ ಬರೆಯುತ್ತಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಸಬೇಕೆಂದು ಭಾವ ತೀರ್ಮಾನಿಸುವುದು ಆ ಲೆಕ್ಕ ನೋಡಿಯೇ. ಕಳೆದ ಜುಲೈಯಲ್ಲಿ 11 ದಿನಗಳ ಮಳೆ ಅದರಲ್ಲಿ ದಾಖಲಾಗಲಿಲ್ಲ. ತಪ್ಪು ನನ್ನದು.

ಪ್ರೋಗ್ರಾಂನಲ್ಲಿ ಸಣ್ಣ ತಿದ್ದುಪಡಿ ಮಾಡಿ, ನನ್ನ ಲ್ಯಾಪ್‌ಟಾಪ್‌ನಲ್ಲಿ 32 ಬಿಟ್‌ಗೆ ಕಂಪೈಲ್ ಮಾಡಿದೆ, ಅಂದರೆ ಬರೆದ ಕೋಡನ್ನು 32 ಬಿಟ್ ಪ್ರೊಸೆಸರ್‌ನ ಆದೇಶಗಳಾಗಿ ಬದಲಿಸಿದೆ. ಸಿ ಲೈಬ್ರರಿಯನ್ನೂ (ಸಿ ಭಾಷೆಯ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡು) ಒಳಗೇ ಸೇರಿಸಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡಿತು. ಬೋರ್ಡಿನಲ್ಲಿದ್ದ ಹಳೆಯ ಫೈಲಿನ ಮೇಲೆಯೇ ಅದನ್ನು ನಕಲಿಸಿ, ರಾತ್ರಿ ಬಸ್ಸು ಹಿಡಿಯುವ ಅವಸರದಲ್ಲಿ ಹೊರಟುಬಿಟ್ಟೆ. ಕೊನೆಗೆ ಭಾವನ ಫೋನ್ ಬಂತು: "ನೀನು ಬಂದು ಹೋದ ಮೇಲೆ ಮಳೆಯೇ ಬಂದಿಲ್ಲ ಎನ್ನುತ್ತಿದೆಯಲ್ಲೋ ಇದು. ಇಲ್ಲಿ ಅಂಗಳದಲ್ಲಿ ನೀರು ನಿಂತಿದೆ."

ಮತ್ತೆ ಹೋಗಿ ನೋಡಿದರೆ, ಪ್ರೋಗ್ರಾಂ ಶುರುವಾದ ಕ್ಷಣವೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ (ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶ) ಎಂದು ಸಾಯುತ್ತಿತ್ತು. ಸಿದ್ಧ ಫೈಲಿನೊಳಗಿನ ಆದೇಶಗಳನ್ನು ತೋರಿಸುವ ಆಬ್ಜ್‌ಡಂಪ್‌ನಲ್ಲಿ ಬಿಡಿಸಿದಾಗ ಫಂಕ್ಷನ್‌ಗಳ ತಲೆಯಲ್ಲಿ ನಾನು ಬರೆಯದ ನಾಲ್ಕು ಬೈಟ್‌ಗಳು ಕಂಡವು: ಎಫ್3 0ಎಫ್ 1ಇ ಎಫ್‌ಬಿ. ಈ ಆದೇಶದ ಹೆಸರು ಎಂಡ್‌ಬಿಆರ್32.

ಇದು ಇಂಟೆಲ್‌ನ ಸಿಇಟಿ ಎಂಬ ರಕ್ಷಣೆಯ ಗುರುತು. ದಾಳಿಕೋರರು ಪ್ರೋಗ್ರಾಂನ ಜಿಗಿತವನ್ನು ತಮಗೆ ಬೇಕಾದ ಜಾಗಕ್ಕೆ ತಿರುಗಿಸದಂತೆ, ಪರೋಕ್ಷ ಜಿಗಿತಗಳು (ಇಳಿಯುವ ಜಾಗ ಓಡುವಾಗಲಷ್ಟೇ ತೀರ್ಮಾನವಾಗುವವು) ಈ ಗುರುತಿದ್ದಲ್ಲೇ ಇಳಿಯಬೇಕೆಂಬುದು ನಿಯಮ. ಉಬುಂಟು ಎಂಬ ಲಿನಕ್ಸ್‌ನ 19.10 ಆವೃತ್ತಿಯಿಂದ ಅಲ್ಲಿನ ಜಿಸಿಸಿ ಕಂಪೈಲರ್, ನಾವು ಕೇಳದಿದ್ದರೂ ಇದನ್ನು ಸೇರಿಸುತ್ತದೆ. ದಾಖಲೆಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ, ನಾನು ಓದಿರಲಿಲ್ಲ. ಒಳ್ಳೆಯ ರಕ್ಷಣೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಪೆಂಟಿಯಂ ಪ್ರೊ ವಂಶದ ಪ್ರೊಸೆಸರ್‌ಗಳು, ಸಿಇಟಿ ಗೊತ್ತಿಲ್ಲದಿದ್ದರೂ, ಈ ಬೈಟ್‌ಗಳನ್ನು ‘ಏನೂ ಮಾಡಬೇಡ’ ಎಂದು ಓದಿಕೊಂಡು ಮುಂದೆ ಹೋಗುತ್ತವೆ. ಜಿಯೋಡ್‌ಗೆ ಹಲವು ಬೈಟ್‌ಗಳ ಆ ‘ಏನೂ ಮಾಡಬೇಡ’ ಆದೇಶ, ಅಂದರೆ ಉದ್ದನೆಯ ನಾಪ್, ಗೊತ್ತಿಲ್ಲ.

ಮೋಸಹೋಗುವುದು ಇಲ್ಲಿಯೇ. ಗುರಿ ಪ್ರೊಸೆಸರ್‌ನಲ್ಲಿ ಸಿಮೂವ್ ಆದೇಶ (ಷರತ್ತು ಸರಿಯಿದ್ದರೆ ಮಾತ್ರ ಡೇಟಾ ನಕಲಿಸುವುದು) ಇಲ್ಲದಿದ್ದರೆ, 32 ಬಿಟ್‌ನಲ್ಲಿ ಈ ರಕ್ಷಣೆ ಹೊಂದುವುದಿಲ್ಲವೆಂದು ಜಿಸಿಸಿ ದೋಷ ತೋರಿಸಿ ನಿಲ್ಲುತ್ತದೆ. ಜಿಯೋಡ್‌ನಲ್ಲಿ ಸಿಮೂವ್ ಇದೆ. ಹಾಗಾಗಿ ಒಂದು ಎಚ್ಚರಿಕೆಯ ಸಾಲೂ ಬರಲಿಲ್ಲ. ಸಿಮೂವ್ ಇದೆಯಲ್ಲ, ಇದು ಐ686ಕ್ಕೆ, ಅಂದರೆ ಪೆಂಟಿಯಂ ಪ್ರೊ ವಂಶಕ್ಕೆ, ಸಮ ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ.

ಈ ರಕ್ಷಣೆಯನ್ನು ನಿಯಂತ್ರಿಸುವ ಎಫ್‌ಸಿಎಫ್-ಪ್ರೊಟೆಕ್ಷನ್ ಆಯ್ಕೆಗೆ ‘ನನ್’ (ಬೇಡ) ಎಂದು ಕೊಟ್ಟು ಮತ್ತೆ ಕಂಪೈಲ್ ಮಾಡಿದೆ. ನನ್ನ ಫಂಕ್ಷನ್‌ಗಳಿಂದ ಗುರುತು ಹೋಯಿತು, ಪ್ರೋಗ್ರಾಂ ಆಗಲೂ ಸತ್ತಿತು. ನಮ್ಮ ಕೋಡು ಶುರುವಾಗುವ ‘ಮೇನ್’ ಫಂಕ್ಷನ್‌ಗಿಂತ ಮೊದಲು ಓಡುವ ಆರಂಭದ ತುಣುಕು ಸಿ ಲೈಬ್ರರಿಯ ಜೊತೆಗೆ ಆಗಲೇ ಕಂಪೈಲ್ ಆಗಿ ಬಂದಿರುತ್ತದೆ, ಅದರ ಮೊದಲ ಆದೇಶವೇ ಎಂಡ್‌ಬಿಆರ್32. ನಿಮ್ಮ ಕೋಡಿಗೆ ಹಾಕಿದ ಆಯ್ಕೆ ಅದನ್ನು ಮುಟ್ಟುವುದಿಲ್ಲ. ಒಂದು ಇಡೀ ದಿನ ನನಗೆ ಇದರಲ್ಲೇ ಹೋಯಿತು.

ಕೊನೆಗೆ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ 11ನೇ ಆವೃತ್ತಿಯ 32 ಬಿಟ್ ಪರಿಸರವನ್ನು ಬೇರೆ ಫೋಲ್ಡರಿನಲ್ಲಿ ಇಳಿಸಿಕೊಂಡು, ಅದರೊಳಗಿನ ಕಂಪೈಲರ್ ಮತ್ತು ಲೈಬ್ರರಿಗಳಿಂದಲೇ ಕಂಪೈಲ್ ಮಾಡಿದ ಮೇಲೆ ಬೋರ್ಡ್ ಎದ್ದಿತು. ಡೆಬಿಯನ್ 12 ಬಳಸಬೇಡಿ: 2023ರಲ್ಲಿ ಬಂದ ಆ ಆವೃತ್ತಿಯಿಂದ ಉದ್ದನೆಯ ನಾಪ್ ಕಡ್ಡಾಯ, ಜಿಯೋಡ್‌ಗೆ ಬೆಂಬಲ ಇಲ್ಲ.

ಇಂಥ ಬೋರ್ಡ್ ನಿಮ್ಮಲ್ಲಿದ್ದರೆ, ಸಿದ್ಧವಾದ ಫೈಲನ್ನು ಆಬ್ಜ್‌ಡಂಪ್‌ಗೆ ಕೊಟ್ಟು ಎಂಡ್‌ಬಿಆರ್ ಹುಡುಕಿ, ಒಂದೂ ಸಿಗಬಾರದು. ಹಳೆಯ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಹೊಸದನ್ನು ಆ ಬೋರ್ಡಿನಲ್ಲೇ ಓಡಿಸಿ, ಒಂದು ಲೋಟ ನೀರನ್ನು ಮಳೆಮಾಪಕಕ್ಕೆ ಸುರಿದು, ಅಂಕಿ ಏರಿದ್ದನ್ನು ಕಣ್ಣಾರೆ ನೋಡಿಯೇ ಅಲ್ಲಿಂದ ಏಳಿ.

ಆ 11 ದಿನಗಳ ಸಾಲುಗಳು ಖಾಲಿಯಾಗಿಯೇ ಇವೆ. ಅಂದಾಜಿನ ಅಂಕಿ ತುಂಬಲು ಭಾವ ಒಪ್ಪಲಿಲ್ಲ.