ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ: ಒಳಗಿನ ಕೋಣೆ ಮತ್ತು ಹೊರಗಿನ ಕಿಟಕಿ

ಎಚ್‌ಐವಿ ಪರೀಕ್ಷೆಗಾಗಿ ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಹೋಗಿದ್ದೆ. ಪರೀಕ್ಷೆ ಉಚಿತ. ಆಪ್ತಸಮಾಲೋಚಕರು ಬಾಗಿಲು ಹಾಕಿಕೊಂಡು, ಪರೀಕ್ಷೆ ಏಕೆ, ಫಲಿತಾಂಶ ಯಾರಿಗೆ ತಿಳಿಯುತ್ತದೆ ಎಂಬುದನ್ನು ಅವಸರವಿಲ್ಲದೆ ವಿವರಿಸಿ, ನನ್ನ ಒಪ್ಪಿಗೆ ಪಡೆದ ಬಳಿಕವೇ ರಕ್ತದ ಮಾದರಿಗೆ ಕಳುಹಿಸಿದರು; ಫಲಿತಾಂಶವನ್ನೂ ನನ್ನ ಕೈಗೇ ಕೊಟ್ಟು, ಮತ್ತೆ ಕೂರಿಸಿ ಮಾತನಾಡಿದರು. ಖಾಸಗಿ ಪ್ರಯೋಗಾಲಯಗಳಲ್ಲಿ ಇಷ್ಟು ವ್ಯವಧಾನವನ್ನು ನಾನು ಕಂಡಿಲ್ಲ.

ಆದರೆ ಗೋಪ್ಯತೆ ಆ ಕೋಣೆಯ ಹೊಸ್ತಿಲಿಗೇ ನಿಂತುಬಿಡುತ್ತದೆ. ಹೊರರೋಗಿ ಚೀಟಿ ಬರೆಯುವ ಕಿಟಕಿಯಲ್ಲಿ, ಹಿಂದೆ ಹತ್ತಾರು ಜನ ಸಾಲುಗಟ್ಟಿರುವಾಗಲೇ, 'ಯಾವ ಪರೀಕ್ಷೆಗೆ?' ಎಂದು ಸಿಬ್ಬಂದಿ ಗಟ್ಟಿಯಾಗಿ ಕೇಳಿದರು. ನೋಂದಣಿ ಪುಸ್ತಕವೂ ಯಾರು ಬೇಕಾದರೂ ಬಗ್ಗಿ ಓದುವಂತೆ ತೆರೆದೇ ಇತ್ತು. (ಸಣ್ಣ ಊರಿನಲ್ಲಿ ಸಾಲಿನಲ್ಲಿ ನಿಂತವರು ಅಪರಿಚಿತರಾಗಿರುವುದಿಲ್ಲ.) 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ವ್ಯಕ್ತಿಯ ಎಚ್‌ಐವಿ ಸ್ಥಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು, ನ್ಯಾಯಾಲಯದ ಆದೇಶದಂತಹ ಕೆಲವು ಸಂದರ್ಭಗಳ ಹೊರತು, ನಿಷೇಧಿಸುವುದಷ್ಟೇ ಅಲ್ಲದೆ, ಇಂತಹ ದಾಖಲೆಗಳನ್ನು ಸುರಕ್ಷಿತವಾಗಿಡುವ ಹೊಣೆಯನ್ನೂ ಸಂಸ್ಥೆಯ ಮೇಲೆ ಹೊರಿಸುತ್ತದೆ. 20 ಅಥವಾ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಬೇಕು. ಇಲ್ಲಿ ಅವರ ಹೆಸರಿನ ಫಲಕ ನನಗೆಲ್ಲೂ ಕಾಣಲಿಲ್ಲ.

ಸಮಾಲೋಚನೆಗೆ ಐದರಲ್ಲಿ ಐದು, ನೋಂದಣಿಗೆ ಒಂದು. ಹೋಗುವವರು ಕಿಟಕಿಯಲ್ಲಿ 'ಐಸಿಟಿಸಿ ಕೊಠಡಿಗೆ' ಎಂದಷ್ಟೇ ಹೇಳಿದರೆ ಸಾಕು, ಚೀಟಿ ಕೊಡುತ್ತಾರೆ.