30 ಸಾವಿರದ ಇ-ಸೈಕಲ್: ಹೊಸತನ ಹೋದ ಮೇಲೆ ಉಳಿಯುವುದೇನು?

27.5 ಇಂಚಿನ ಚಕ್ರ, ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೆ 250 ವ್ಯಾಟ್ ಮೋಟಾರು, 36 ವೋಲ್ಟ್ 5.8 ಆಂಪಿಯರ್-ಅವರ್ ಬ್ಯಾಟರಿ, ಏಳು ಗೇರು, ತಂತಿ ಎಳೆಯುವ ಡಿಸ್ಕ್ ಬ್ರೇಕು, ಬೆಲೆ 30 ಸಾವಿರ ರೂಪಾಯಿಯ ಆಸುಪಾಸು. ಇದೇ ಜಾತಕದ ಸೈಕಲ್ಲನ್ನು ನಮ್ಮಲ್ಲಿ ಹತ್ತಾರು ಹೆಸರಲ್ಲಿ ಮಾರುತ್ತಾರೆ. ಹಾಗಾಗಿ ಇಲ್ಲಿ ಕಂಪನಿಯ ಹೆಸರು ಬರೆದಿಲ್ಲ, ಬರೆದರೂ ಹೆಚ್ಚೇನೂ ತಿಳಿಯುವುದಿಲ್ಲ. ಬೆಂಗಳೂರಿನ ರಸ್ತೆಗುಂಡಿ ಮತ್ತು ಒಂದಕ್ಕಿಂತ ಹೆಚ್ಚು ಮಳೆಗಾಲ ಕಂಡ ಮೇಲೆ ಈ ವರ್ಗದ ಸೈಕಲ್ಲಿನ ಬಗ್ಗೆ ಹೇಳಬಹುದಾದದ್ದು ಇಷ್ಟು: ಸೈಕಲ್ಲಾಗಿ ಪರವಾಗಿಲ್ಲ, ಮೋಟಾರು ಗಟ್ಟಿ, ಬ್ಯಾಟರಿ ಸಣ್ಣದು. ಬೆಲೆಗೆ ತಕ್ಕ ಮಾಲೋ ಅಲ್ಲವೋ ಎಂಬುದು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದರ ಮೇಲೆ ನಿಂತಿದೆ.

ಮೊದಲು ರೇಂಜಿನ, ಅಂದರೆ ಒಂದು ಚಾರ್ಜಿಗೆ ಎಷ್ಟು ದೂರ ಎಂಬುದರ ಮಾತು, ಜಾಹೀರಾತು ಹೆಚ್ಚು ಕೂಗುವುದೇ ಇಲ್ಲಿ. 36ನ್ನು 5.8ರಿಂದ ಗುಣಿಸಿದರೆ 209 ವ್ಯಾಟ್-ಅವರ್, ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿಯ ಅಳತೆ ಇದು. ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ, ಹಾಗಾಗಿ ಕೈಗೆ ಸಿಗುವುದು 190ರಷ್ಟು. ಪೆಡಲ್ ತುಳಿಯದೆ ಬರೀ ಥ್ರಾಟಲ್ ಹಿಡಿದು ಹೋದರೆ ಕಿಲೋಮೀಟರಿಗೆ 11ರಿಂದ 13 ವ್ಯಾಟ್-ಅವರ್ ಖರ್ಚು, ಅಂದರೆ 15-17 ಕಿ.ಮೀ. ತುಳಿಯುತ್ತ ಮೋಟಾರಿನ ನೆರವು ಪಡೆದರೆ 7-8, ಅಂದರೆ 24-27 ಕಿ.ಮೀ. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಬರಬೇಕಾದರೆ ಸವಾರ ತೆಳ್ಳಗಿರಬೇಕು, ರಸ್ತೆ ಸಮತಟ್ಟಾಗಿರಬೇಕು, ಸಿಗ್ನಲ್ಲೇ ಇರಬಾರದು. ಕೊಳ್ಳುವಾಗ ‘ಎಷ್ಟು ಕಿಲೋಮೀಟರ್ ಬರುತ್ತೆ’ ಎಂದು ಕೇಳುವ ಬದಲು ವ್ಯಾಟ್-ಅವರ್ ಎಷ್ಟು ಎಂದು ಕೇಳಿ ಹತ್ತರಿಂದ ಭಾಗಿಸಿ. ಆ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಸಣ್ಣ ಬ್ಯಾಟರಿಗೆ ಇನ್ನೊಂದು ತೊಂದರೆಯಿದೆ, ಅದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. 5.8ರ ಪ್ಯಾಕಿನಲ್ಲಿ ಸಾಮಾನ್ಯವಾಗಿ ಇಪ್ಪತ್ತು ಸೆಲ್ ಇರುತ್ತವೆ: ಹತ್ತು ಸಾಲಾಗಿ, ಪ್ರತಿ ಸಾಲಿನಲ್ಲಿ ಎರಡು. ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರು ಏರಿನಲ್ಲಿ 14-15 ಆಂಪಿಯರ್ ಎಳೆದಾಗ ಒಂದೊಂದು ಸೆಲ್ಲಿನ ಮೇಲೂ ಏಳೂವರೆ ಆಂಪಿಯರ್ ಬೀಳುತ್ತದೆ. ವೋಲ್ಟೇಜು ಕುಸಿದು, ಡಿಸ್‌ಪ್ಲೇಯಲ್ಲಿ ಎರಡು ಕಡ್ಡಿ ಇದ್ದರೂ ಮೋಟಾರು ಥಟ್ಟನೆ ನಿಲ್ಲುತ್ತದೆ. ಅರ್ಧ ನಿಮಿಷ ಬಿಟ್ಟು ಆನ್ ಮಾಡಿದರೆ ಮತ್ತೆ ಎದ್ದೇಳುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ, ಆದರೆ ಹೀಗೆ ಹಿಂಡಿದಷ್ಟೂ ಸೆಲ್ಲಿನ ಆಯಸ್ಸು ಕಡಿಮೆ. ನಲವತ್ತು ಸೆಲ್ಲಿನ 10 ಆಂಪಿಯರ್-ಅವರ್ ಪ್ಯಾಕಿನಲ್ಲಿ ಇದೇ ಹೊರೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ದೊಡ್ಡ ಬ್ಯಾಟರಿ ಹೆಚ್ಚು ದೂರ ಹೋಗುವುದಷ್ಟೇ ಅಲ್ಲ, ಹೆಚ್ಚು ಕಾಲ ಬಾಳುತ್ತದೆ. ಹೆಚ್ಚಿನ ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ, ಅಲಾಯ್ ರಿಮ್ಮಿಗೂ ಬಣ್ಣಕ್ಕೂ ಅಲ್ಲ.

‘ಕಿಲೋಮೀಟರಿಗೆ ಹತ್ತು ಪೈಸೆ’ ಎಂಬ ಜಾಹೀರಾತು ಸುಳ್ಳಲ್ಲ, ಅರ್ಧ ಸತ್ಯ. ಒಂದು ಚಾರ್ಜಿಗೆ ಕಾಲು ಯೂನಿಟ್ ಕರೆಂಟು, ಎರಡು ರೂಪಾಯಿಯೊಳಗೆ ಮುಗಿಯುತ್ತದೆ. ಆದರೆ ಹೊಸ ಬ್ಯಾಟರಿಗೆ 12 ಸಾವಿರ ಎಂದಿಟ್ಟುಕೊಂಡು, ಅದು ಐನೂರು ಪೂರ್ತಿ ಚಾರ್ಜು ಬಾಳಿ ಚಾರ್ಜಿಗೆ 20 ಕಿ.ಮೀ. ಕೊಟ್ಟರೆ, ಬ್ಯಾಟರಿಯ ಸವಕಳಿಯೇ ಕಿಲೋಮೀಟರಿಗೆ 1 ರೂ. 20 ಪೈಸೆ. ಅಂದರೆ ಕರೆಂಟಿನ ಹನ್ನೆರಡು ಪಟ್ಟು. ಅಷ್ಟಾದರೂ ಪೆಟ್ರೋಲ್ ಸ್ಕೂಟರಿಗಿಂತ ಅಗ್ಗವೇ, ಆದರೆ ಹೋಲಿಕೆ ಸರಿಯಾದ ಸಂಖ್ಯೆಗಳ ನಡುವೆ ಆಗಲಿ.

ಮೋಟಾರು ಈ ವರ್ಗದ ಸೈಕಲ್ಲಿನ ಅತ್ಯಂತ ನಂಬಿಗಸ್ತ ಭಾಗ. ಒಳಗೆ ನೈಲಾನ್ ಗೇರುಗಳಿವೆ, ಸಮತಟ್ಟು ರಸ್ತೆಯಲ್ಲಿ ಅವುಗಳಿಗೆ ಏನೂ ಆಗುವುದಿಲ್ಲ. ಸವಾರ, ಸೈಕಲ್ ಸೇರಿ 100 ಕೆ.ಜಿ. ಎಂದುಕೊಂಡು 6 ಶೇಕಡಾ ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಲು ಚಕ್ರದ ಬಳಿ ಸುಮಾರು 190 ವ್ಯಾಟ್ ಬೇಕು. ಅಷ್ಟು ನಿಧಾನಕ್ಕೆ ತಿರುಗುವಾಗ ಹಬ್ ಮೋಟಾರು ಎಳೆದ ಕರೆಂಟಿನಲ್ಲಿ ದೊಡ್ಡ ಪಾಲನ್ನು ಬಿಸಿಯಾಗಿಸಿ ಹಾಳು ಮಾಡುತ್ತದೆ, ಆ ಬಿಸಿಗೆ ನೈಲಾನ್ ಮೆತ್ತಗಾಗುತ್ತದೆ. ಚಾಮುಂಡಿ ಬೆಟ್ಟಕ್ಕೋ ನಂದಿಗೋ ಥ್ರಾಟಲ್ ಹಿಡಿದು ಹತ್ತಿಸಲು ಹೋಗಬೇಡಿ. ಏರಿನಲ್ಲಿ ಸಣ್ಣ ಗೇರಿಗೆ ಇಳಿದು ತುಳಿದರೆ ಮೋಟಾರು ವರ್ಷಗಟ್ಟಲೆ ಬಾಳುತ್ತದೆ.

250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಎಂಬ ಮಿತಿಗಳು ಕಂಪನಿಯ ಜಿಪುಣತನವಲ್ಲ, ಕಾನೂನು. ಆ ಮಿತಿಯೊಳಗಿದ್ದರೆ ಲೈಸೆನ್ಸು, ನೋಂದಣಿ ಬೇಡ. ಡಿಸ್‌ಪ್ಲೇಯ ಸೆಟ್ಟಿಂಗಿಗೆ ಹೋಗಿ ವೇಗದ ಮಿತಿ ತೆಗೆದುಕೊಡುತ್ತೇವೆ ಎನ್ನುವ ಅಂಗಡಿಗಳಿವೆ. ತೆಗೆಸಿಕೊಂಡ ಕ್ಷಣಕ್ಕೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅಪಘಾತವಾದರೆ ಅಂಗಡಿಯವನು ಬರುವುದಿಲ್ಲ. ವಾರಂಟಿಯೂ ಹೋಯಿತು.

‘ಶಿಮಾನೊ ಗೇರ್’ ಸ್ಟಿಕ್ಕರಿನ ಬಗ್ಗೆಯೂ ಎರಡು ಮಾತು. ಶಿಮಾನೊ 1921ರಲ್ಲಿ ಜಪಾನಿನ ಸಕಾಯ್‌ನಲ್ಲಿ ಹುಟ್ಟಿದ ಕಂಪನಿ, ಮಾಲು ಒಳ್ಳೆಯದೇ. ಆದರೆ ಈ ಬೆಲೆಯಲ್ಲಿ ಸಿಗುವುದು ಅವರ ಕೆಳಮೆಟ್ಟಿಲಿನ ಟೂರ್ನಿ, ಅದೂ ಬಹಳ ಸಲ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮತ್ತು ಹ್ಯಾಂಡಲಿನ ಶಿಫ್ಟರ್ ಮಾತ್ರ. ಚೈನು, ಹಿಂದಿನ ಹಲ್ಲುಚಕ್ರಗಳ ಫ್ರೀವೀಲು, ಪೆಡಲ್ ಕೂರುವ ಕ್ರ್ಯಾಂಕು ಬೇರೆ ಯಾರದೋ. ಹಾಗೆಂದು ಟೂರ್ನಿ ಕಳಪೆಯಲ್ಲ. ಕೆಟ್ಟರೆ ಯಾವ ಊರಿನಲ್ಲೂ ಅಗ್ಗದಲ್ಲಿ ಸಿಗುತ್ತದೆ. ಸ್ಟಿಕ್ಕರಿಗಾಗಿ ಹೆಚ್ಚುವರಿ ಮೂರು ಸಾವಿರ ಕೊಡುವುದು ದಂಡ. ಮುಂದಿನ ಸಸ್ಪೆನ್ಷನ್ ಕೂಡ ಇದೇ ಸಾಲಿನದು: ಎರಡೂವರೆ ಕೆ.ಜಿ. ತೂಕ, ಒಳಗೆ ಬರೀ ಸ್ಪ್ರಿಂಗು, ಎರಡನೇ ಮಳೆಗಾಲಕ್ಕೆ ತುಕ್ಕು. ಸ್ಪ್ರಿಂಗಿಲ್ಲದ ರಿಜಿಡ್ ಫೋರ್ಕಿನ ಜೊತೆಗೆ 2 ಇಂಚಿನ ದಪ್ಪ ಟೈರಿನಲ್ಲಿ 40 ಪಿಎಸ್‌ಐ ಗಾಳಿ ಇದ್ದರೆ ಸಾಕು.

ಇನ್ನು ಕೈಕೊಡುವ ಭಾಗಗಳು. ಮೊದಲಿಗೆ ಹಿಂದಿನ ಚಕ್ರದ ಸ್ಪೋಕು. ಮೋಟಾರಿನ ಭಾರಕ್ಕೆಂದು ದಪ್ಪ ಸ್ಪೋಕು ಹಾಕುತ್ತಾರೆ, ಆದರೆ ಕಾರ್ಖಾನೆಯಲ್ಲಿ ಬಿಗಿ ಸಾಲದು. ಸಡಿಲ ಸ್ಪೋಕು ಪ್ರತಿ ಸುತ್ತಿಗೂ ಬಳುಕಿ ಹಬ್ಬಿನ ಬಳಿ ಮೊಣಕೈಯಂತೆ ಬಾಗಿದ ಕಡೆಯಲ್ಲೇ ತುಂಡಾಗುತ್ತದೆ. ಮೊದಲ 200-300 ಕಿ.ಮೀ. ಆದ ಮೇಲೆ ಒಮ್ಮೆ ಚಕ್ರ ಬಿಗಿ ಮಾಡಿಸಿದರೆ ಈ ತಲೆನೋವಿನ ಮುಕ್ಕಾಲು ಪಾಲು ಹೋಗುತ್ತದೆ. ಅದೇ ಹೊತ್ತಿಗೆ ಹಿಂದಿನ ಆಕ್ಸಲ್ಲಿನ ನಟ್ಟನ್ನೂ 18ರ ಸ್ಪ್ಯಾನರಿನಲ್ಲಿ ಬಿಗಿ ಮಾಡಿ. ಅದು ಸಡಿಲವಾದರೆ ಮೋಟಾರಿನ ಬಲಕ್ಕೆ ಆಕ್ಸಲ್ಲೇ ತಿರುಗಿ ಕೇಬಲ್ಲನ್ನು ಕತ್ತರಿಸುತ್ತದೆ, ಆಮೇಲಿನ ಖರ್ಚು ಸಾವಿರಗಳಲ್ಲಿ.

ಹಿಂದಿನ ಚಕ್ರ ಪಂಕ್ಚರಾದರೆ ರಸ್ತೆಬದಿಯ ಅಂಗಡಿಯವರು ವೈರು ಕಂಡು ಕೈ ಮುಗಿಯುತ್ತಾರೆ. ಚಕ್ರ ಬಿಚ್ಚಲೇಬೇಕೆಂದಿಲ್ಲ, ಸೈಕಲ್ ಮಲಗಿಸಿ, ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬನ್ನು ಅಷ್ಟೇ ಹೊರಗೆಳೆದು ಪ್ಯಾಚ್ ಹಾಕಬಹುದು. ಟ್ಯೂಬೇ ಬದಲಿಸಬೇಕಾದರೆ ಚೈನ್‌ಸ್ಟೇ (ಪೆಡಲಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಬಳಿ ಇರುವ ದುಂಡನೆಯ ಕನೆಕ್ಟರನ್ನು ನೇರಕ್ಕೆ ಎಳೆಯಿರಿ, ತಿರುಚಬೇಡಿ. ಒಳಗಿನ ಸಣ್ಣ ಪಿನ್ನುಗಳು ಬಹಳ ತೆಳ್ಳಗಿರುತ್ತವೆ. ಮತ್ತೆ ಹಾಕುವಾಗ ಎರಡೂ ಕಡೆಯ ಬಾಣದ ಗುರುತು ಎದುರುಬದುರು ಬರಬೇಕು. ಕೊಕ್ಕೆಯಿರುವ ವಾಷರು ಯಾವ ಕಡೆ ಇತ್ತು ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಮಳೆಯಲ್ಲಿ ಮೋಟಾರಿಗಿಂತ ಮೊದಲು ಸೋಲುವುದು ಥ್ರಾಟಲ್ಲು ಮತ್ತು ಬ್ರೇಕ್ ಲಿವರಿನೊಳಗಿನ ಸ್ವಿಚ್ಚು. ಬ್ರೇಕ್ ಸ್ವಿಚ್ಚಿಗೆ ನೀರು ಹೊಕ್ಕರೆ ಬ್ರೇಕು ಹಿಡಿದೇ ಇದೆ ಎಂದು ಕಂಟ್ರೋಲರು ತಿಳಿದು ಮೋಟಾರು ಓಡಿಸುವುದಿಲ್ಲ. ಈ ವರ್ಗದ ಹಲವು ಡಿಸ್‌ಪ್ಲೇಗಳಲ್ಲಿ ದೋಷದ ಸಂಖ್ಯೆಯಾಗಿ 22 ಬಂದರೆ ಥ್ರಾಟಲ್, 23 ಅಥವಾ 24 ಬಂದರೆ ಮೋಟಾರಿನ ವೈರು, 25 ಬಂದರೆ ಬ್ರೇಕ್ ಸ್ವಿಚ್ಚು, 30 ಬಂದರೆ ಡಿಸ್‌ಪ್ಲೇ-ಕಂಟ್ರೋಲರ್ ನಡುವಿನ ಸಂಪರ್ಕ. ಹತ್ತರಲ್ಲಿ ಎಂಟು ಸಲ ಆಯಾ ಕನೆಕ್ಟರ್ ಬಿಚ್ಚಿ, ಒಣಗಿಸಿ, ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಹಾಕಿದರೆ ಸರಿಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪಿನಿಂದ ಮಾತ್ರ ತೊಳೆಸಬೇಡಿ. ಕರಾವಳಿಯವರು ಬ್ಯಾಟರಿ ಕೂರುವ ತೊಟ್ಟಿಲಿನ ಪಿನ್ನುಗಳನ್ನೂ ತಿಂಗಳಿಗೊಮ್ಮೆ ಒರೆಸಬೇಕು.

ಚೈನು ಮಾಮೂಲಿ ಸೈಕಲ್ಲಿಗಿಂತ ಬೇಗ ಸವೆಯುವುದುಂಟು, ಏಕೆಂದರೆ ಮೋಟಾರಿನ ನೆರವಿದ್ದಾಗ ಗೇರು ಇಳಿಸುವ ಅಭ್ಯಾಸವೇ ತಪ್ಪಿಹೋಗುತ್ತದೆ. 24 ಕೊಂಡಿಗಳ ಉದ್ದ ಹೊಸದರಲ್ಲಿ 304.8 ಮಿ.ಮೀ.; 307 ಮುಟ್ಟಿದರೆ ಬದಲಿಸಿ, ಇಲ್ಲದಿದ್ದರೆ ಫ್ರೀವೀಲನ್ನೂ ತಿಂದುಹಾಕುತ್ತದೆ.

ಈಗ ಬ್ರಾಂಡಿನ ವಿಷಯ. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯನ್ನು ನಿಲ್ಲಿಸಿತು. ಹಾಗಂತ ನಮ್ಮ ಹಳ್ಳಿಗಳ ಅಟ್ಲಾಸ್ ಸೈಕಲ್ಲುಗಳು ಮೂಲೆ ಸೇರಲಿಲ್ಲ. ಅದಕ್ಕೆ ಬೇಕಾದ ಟೈರು, ಕಾಟರ್ ಪಿನ್ನು, ಹಬ್ಬು, ಚೈನು ಎಲ್ಲವನ್ನೂ ಲುಧಿಯಾನದ ಹತ್ತಾರು ಕಾರ್ಖಾನೆಗಳು ಅದೇ ಅಳತೆಯಲ್ಲಿ ಮಾಡುತ್ತಿವೆ. ಮೂರು ವರ್ಷ ಬಿಟ್ಟು, 2023ರ ಜುಲೈಯಲ್ಲಿ, ಆಮ್‌ಸ್ಟರ್‌ಡ್ಯಾಮಿನ ಇ-ಬೈಕ್ ಕಂಪನಿ ವ್ಯಾನ್‌ಮೂಫ್ ದಿವಾಳಿಯಾಯಿತು. ಜಗತ್ತಿನ ಅತ್ಯಂತ ಸ್ಟೈಲಿನ ಇ-ಬೈಕು, ನಮ್ಮ ಲೆಕ್ಕದಲ್ಲಿ ಲಕ್ಷಗಳ ಬೆಲೆ. ಅದರ ಡಿಸ್‌ಪ್ಲೇ, ಬೀಗ, ಬ್ಯಾಟರಿ ಎಲ್ಲ ಅದರದೇ. ಬೀಗ ತೆರೆಯುವುದೂ ಮುಖ್ಯವಾಗಿ ಆಪಿನಿಂದ. ಸರ್ವರ್ ನಿಂತರೆ ಗತಿಯೇನು ಎಂದು ಸವಾರರು ಕಂಗಾಲಾದಾಗ, ಬ್ರಸೆಲ್ಸಿನ ಪ್ರತಿಸ್ಪರ್ಧಿ ಕೌಬಾಯ್ ಕಂಪನಿಯೇ ಡಿಜಿಟಲ್ ಕೀಲಿಯನ್ನು ಫೋನಿನಲ್ಲಿ ಉಳಿಸಿಕೊಳ್ಳುವ ಆಪ್ ಬಿಟ್ಟಿತು. ಆಮೇಲೆ ಆ ಬ್ರಾಂಡನ್ನು ಲವೊಯ್ ಎಂಬ ಕಂಪನಿ ಕೊಂಡುಕೊಂಡಿತು.

ಹೆಸರು ಮತ್ತು ಕಾರ್ಖಾನೆ ಬೇರೆ ಬೇರೆ ಎಂಬುದೇನೂ ಹೊಸತಲ್ಲ. ಶಿಕಾಗೊದ ಶ್ವಿನ್ ಹೆಸರಿನ ಸೈಕಲ್ಲುಗಳಲ್ಲಿ ಹೆಚ್ಚಿನವನ್ನು 80ರ ದಶಕದಲ್ಲಿ ತಯಾರಿಸುತ್ತಿದ್ದುದು ತೈವಾನಿನ ಜೈಂಟ್. 1992ರಲ್ಲಿ ಶ್ವಿನ್ ದಿವಾಳಿಯಾಯಿತು, ಜೈಂಟ್ ತನ್ನದೇ ಹೆಸರಲ್ಲಿ ಬೆಳೆಯಿತು. ನಮ್ಮಲ್ಲೂ ಫೈರ್‌ಫಾಕ್ಸ್ ಸೈಕಲ್ ಬ್ರಾಂಡ್ 2015ರಿಂದ ಹೀರೋ ಸೈಕಲ್ಸ್ ತೆಕ್ಕೆಯಲ್ಲಿದೆ. ಪುಣೆಯ ಇ-ಸೈಕಲ್ ಕಂಪನಿ ಇ-ಮೋಟೊರಾಡ್‌ನಲ್ಲಿ ಧೋನಿ 2024ರಲ್ಲಿ ಹಣ ಹೂಡಿದರು. ಇವ್ಯಾವುದೂ ಒಳ್ಳೆಯದು ಅಥವಾ ಕೆಟ್ಟದ್ದರ ಗುರುತಲ್ಲ. ದೊಡ್ಡ ಹೆಸರಿನಿಂದ ನಿಜವಾಗಿ ಸಿಗುವ ಲಾಭ ಒಂದೇ, ಊರಿನಲ್ಲಿ ಬಿಡಿಭಾಗ ಇಟ್ಟುಕೊಂಡ ಡೀಲರು. ಅದು ನಿಮ್ಮೂರಲ್ಲಿ ಇಲ್ಲದಿದ್ದರೆ ಹೆಸರಿಗೆ ಕೊಟ್ಟ ಐದು ಸಾವಿರ ನೀರಿಗೆ ಹೋಯಿತು. ಹಾಸನದಲ್ಲಿ ಕೊಂಡ ಸೈಕಲ್ಲಿನ ಕಂಟ್ರೋಲರಿಗೆ ಬೆಂಗಳೂರಿನಿಂದ ಕೊರಿಯರ್ ಕಾಯುವುದು ಯಾವ ನಟನ ಜಾಹೀರಾತಿನಲ್ಲೂ ಬರುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಹೀಗೆ. ಕಂಟ್ರೋಲರು ಬಿಡಿಯಾಗಿ ಸಿಗುವ ಮಾಮೂಲಿ 36 ವೋಲ್ಟಿನದೋ, ಇಲ್ಲ ಡಿಸ್‌ಪ್ಲೇಯೊಡನೆ ಜೋಡಿಯಾಗಿಯೇ ಬರುವ ಕಂಪನಿಯದ್ದೋ? ಬ್ಯಾಟರಿ ಹೊರಗಿನ ಕೇಸಿನಲ್ಲಿದೆಯೋ, ಫ್ರೇಮಿನ ಕೊಳವೆಯೊಳಗೆ ಅದೇ ಅಳತೆಗೆ ಮಾಡಿದ್ದೋ? ಕೊಳವೆಯೊಳಗಿನದು ನೋಡಲು ಚೆಂದ, ಆದರೆ ಆ ಕಂಪನಿ ಆ ಮಾದರಿ ನಿಲ್ಲಿಸಿದ ದಿನವೇ ನಿಮ್ಮ ಹೊಸ ಬ್ಯಾಟರಿಯ ದಾರಿ ಮುಚ್ಚಿತು. ಉಳಿಯುವುದು ಹಳೆಯ ಪ್ಯಾಕನ್ನು ಬಿಚ್ಚಿ ಸೆಲ್ ಬದಲಿಸುವ ಕೆಲಸ. ಅದನ್ನು ಸ್ಪಾಟ್ ವೆಲ್ಡಿಂಗ್ ಗೊತ್ತಿರುವವರೇ ಮಾಡಬೇಕು, ಸೋಲ್ಡರಿಂಗ್ ಐರನ್ನಿನಿಂದ ಬೆಸುಗೆ ಹಾಕುವವರ ಕೈಗೆ ಕೊಡಬಾರದು.

ವಾರಂಟಿ ಕಾರ್ಡಿನಲ್ಲಿ ‘ಎರಡು ವರ್ಷ’ ಎಂಬ ದಪ್ಪಕ್ಷರದ ಕೆಳಗಿನ ಸಣ್ಣಕ್ಷರ ಓದಿ. ನೀರು ಹೊಕ್ಕಿದ್ದು, ಬೇರೆ ಚಾರ್ಜರ್ ಬಳಸಿದ್ದು, ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಇಟ್ಟದ್ದು ಸಾಮಾನ್ಯವಾಗಿ ವಾರಂಟಿಯ ಹೊರಗೆ. ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂದು ಬರೆದಿಲ್ಲದಿದ್ದರೆ ಆ ವಾರಂಟಿ ಪೂರ್ತಿ ಸತ್ತ ಬ್ಯಾಟರಿಗೆ ಮಾತ್ರ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿ, ತಣ್ಣನೆಯ ಜಾಗದಲ್ಲಿ ಬಿಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಒಯ್ಯಿರಿ. ಚಾರ್ಜರಿನಲ್ಲಿ ಹಸಿರು ದೀಪ ಬಂದ ಮೇಲೆ 36 ವೋಲ್ಟಿನ ಪ್ಯಾಕು 41.5ರಿಂದ 42 ವೋಲ್ಟ್ ತೋರಬೇಕು. ಹಸಿರು ಬಂದೂ 40.5ರಲ್ಲಿ ನಿಂತಿದ್ದರೆ ಒಳಗಿನ ಯಾವುದೋ ಸಾಲು ಉಳಿದವಕ್ಕಿಂತ ಮೊದಲೇ ತುಂಬಿ ರಕ್ಷಣಾ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತಿದೆ. ಆಮೇಲೆ ಐದು ಕಿ.ಮೀ. ಥ್ರಾಟಲ್ಲಿನಲ್ಲೇ ಓಡಿಸಿ ಮತ್ತೆ ಅಳೆಯಿರಿ. 5.8ರ ಪ್ಯಾಕು ಅಷ್ಟಕ್ಕೇ 36ರ ಕೆಳಗೆ ಇಳಿದಿದ್ದರೆ, ಬ್ಯಾಟರಿಯ ಬೆಲೆಯನ್ನು ಸೊನ್ನೆ ಎಂದು ಹಿಡಿದು ಚೌಕಾಸಿ ಮಾಡಿ.